ತಾನಾಡದ ಮಾತಿನ ಹೊಣೆ

2020ನೆಯ ಇಸವಿಯ ಜನವರಿ 26, ಭಾನುವಾರ. ಅಂದು ಬೆಳಿಗ್ಗೆ ಅಮೆರಿಕೆಯ ಕ್ಯಾಲಿಫೋರ್ನಿಯಾ ರಾಜ್ಯದ ಕ್ಯಾಲಬಾಸಸ್ ಎಂಬಲ್ಲಿ ಹೆಲಿಕಾಪ್ಟರೊಂದು ಗುಡ್ಡಕ್ಕೆ ಬಡಿದು, ಅದರಲ್ಲಿದ್ದ 9 ಮಂದಿಯೂ ಮೃತರಾದರು. ಅವರಲ್ಲಿ ಕೋಬಿ ಬ್ರಯಂಟ್ ಎಂಬ ಸುಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ಆಟಗಾರನೂ ಆತನ ಎಳೆಯ ಮಗಳೂ ಇದ್ದುದರಿಂದ ಸುದ್ದಿ ಲೋಕವನ್ನೆಲ್ಲ ಸುತ್ತಿತು. ಅದೇ ಹೆಲಿಕಾಪ್ಟರಿನಲ್ಲಿ ಜಾನ್ ಆಲ್ಟೊಬೆಲ್ಲಿ ಎಂಬವರು ತಮ್ಮ ಪತ್ನಿ ಹಾಗೂ ಮಗಳೊಡನೆ ಪ್ರಯಾಣಿಸುತ್ತಿದ್ದರೆಂಬುದನ್ನು ನಮ್ಮಲ್ಲಿ ಬಹಳ ಜನ ಗಮನಿಸಿರಲಾರರು. ಅವರು ಕೋಸ್ಟಾ ಮೇಸಾ ಪಟ್ಟಣದ ಆರೆಂಜ್ ಕೋಸ್ಟ್ ಕಾಲೇಜಿನ ಬೇಸ್‌ಬಾಲ್ ತಂಡದ ಮುಖ್ಯ ತರಬೇತುದಾರರು. 27 ವರ್ಷಗಳ ಸೇವೆ, 700ಕ್ಕೂ ಹೆಚ್ಚು ಪಂದ್ಯಗಳ ಗೆಲುವು, 2009, 2014, 2015 ಮತ್ತು 2019ರಲ್ಲಿ ರಾಜ್ಯದ ಪ್ರಶಸ್ತಿ. ಇಷ್ಟು ಅವರ ಲೆಕ್ಕದಲ್ಲಿ ಜಮೆಯಾಗಿತ್ತು. ಹೊಸ ಋತುವಿನ ಮೊದಲ ಪಂದ್ಯ ಜನವರಿ 28ಕ್ಕೆ ನಿಗದಿಯಾಗಿತ್ತು. ಗುರು ತೀರಿಕೊಂಡ ಎರಡನೆಯ ದಿನವೇ ಹುಡುಗರು ಮೈದಾನಕ್ಕಿಳಿದು ಆ ಪಂದ್ಯವನ್ನು ಆಡಿದರು. ಆಲ್ಟೊಬೆಲ್ಲಿಯವರು ನಿಲ್ಲುತ್ತಿದ್ದ ಜಾಗದಲ್ಲಿ ಅಂದು ಅವರ ಸಹಾಯಕ ತರಬೇತುದಾರ ನಿಂತಿದ್ದರು.

ಬೇಸ್‌ಬಾಲನ್ನು ನಾನು ಆಡಿದವನಲ್ಲ. ಅಂಗಡಿಯ ಗಲ್ಲೆಯ ಹಿಂದೆ ಕುಳಿತು ಆಯುಷ್ಯ ಕಳೆದವನು. ಇಂಥವನಿಗೆ ಪರದೇಶದ ಈ ಆಟದ ಗೊಡವೆಯೇಕೆಂದು ವಾಚಕರು ಕೇಳಬಹುದು. ಗೊಡವೆ ಆಟದ್ದಲ್ಲ, ಆ ಜಾಗದ್ದು. ಇನ್ನೊಬ್ಬನು ನಿಂತಿದ್ದ ಜಾಗದಲ್ಲಿ ಹೋಗಿ ನಿಲ್ಲುವವನಿಗೆ ಬರುವುದೇನು? ಅಧಿಕಾರ ಬರುತ್ತದೆ, ಸಂಬಳ ಬರುತ್ತದೆ, ಕೋಣೆಯ ಬೀಗದ ಕೈ ಬರುತ್ತದೆ. ಹಿಂದಿನವನು ಆಡಿದ ಮಾತುಗಳೂ ಅವುಗಳೊಡನೆ ಬರುತ್ತವೆಯೇ? ತಾನು ಕೊಡದ ವಚನಕ್ಕೆ ಮನುಷ್ಯನು ಬದ್ಧನಾಗಬಲ್ಲನೆ? ಇದು ವ್ಯಾಪಾರಿಗೂ ಮಠಾಧಿಪತಿಗೂ ವಿಶ್ವಸ್ತ ಮಂಡಳಿಯ ಸದಸ್ಯನಿಗೂ ಎದುರಾಗುವ ಪ್ರಶ್ನೆಯೇ. ಆದರೆ ಆ ದೇಶದ ಕಮ್ಯೂನಿಟಿ ಕಾಲೇಜಿನ ಆಟದ ಮೈದಾನದಲ್ಲಿ ಅದು ಎಷ್ಟು ಸ್ಪಷ್ಟವಾಗಿ, ಎಷ್ಟು ನಿಷ್ಠುರವಾಗಿ ಕಾಣಿಸಿಕೊಳ್ಳುತ್ತದೆಯೋ ಅಷ್ಟು ಬೇರೆಡೆ ಕಾಣಿಸಲಾರದೆಂದು ನನಗೆ ತೋರಿದೆ. ಕಾರಣವನ್ನು ಹೇಳುತ್ತೇನೆ.

ಕಮ್ಯೂನಿಟಿ ಕಾಲೇಜೆಂದರೆ ಎರಡೇ ವರ್ಷಗಳ ಕಾಲೇಜು. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾದ ಕಾಲೇಜನ್ನು ಈ ಬಗೆಯ ಸಾರ್ವಜನಿಕ ಸಂಸ್ಥೆಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ ನೂರಕ್ಕೂ ಮೇಲ್ಪಟ್ಟು ಇವೆ. ಶುಲ್ಕ ಕಡಿಮೆ, ಬಾಗಿಲು ಎಲ್ಲರಿಗೂ ತೆರೆದದ್ದು. ಎರಡು ವರ್ಷ ಓದಿದ ಮೇಲೆ ವಿದ್ಯಾರ್ಥಿ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು, ಇಲ್ಲವೇ ಕೆಲಸಕ್ಕೆ ಹೋಗಬಹುದು. ಇಲ್ಲಿ ಬೇಸ್‌ಬಾಲ್ ಆಡಲು ಬರುವ ಹುಡುಗನು ಸಾಮಾನ್ಯವಾಗಿ ಪ್ರೌಢಶಾಲೆ ಮುಗಿಸಿದಾಗ ದೊಡ್ಡ ವಿಶ್ವವಿದ್ಯಾಲಯಗಳ ಕಣ್ಣಿಗೆ ಬೀಳದವನು. ಅಂಕ ಸಾಲದೆ ಬಂದವನಿರಬಹುದು, ಹಣ ಸಾಲದೆ ಬಂದವನಿರಬಹುದು, ಮೈ ತುಂಬದೆ ಹಿಂದುಳಿದವನಿರಬಹುದು, ತೋಳಿಗೆ ಪೆಟ್ಟು ಮಾಡಿಕೊಂಡು ಒಂದು ವರ್ಷ ಕಳೆದುಕೊಂಡವನೂ ಇರಬಹುದು. ಅವನ ಕೈಯಲ್ಲಿರುವುದು ಎರಡು ವಸಂತಗಳು ಮಾತ್ರ. ಪಂದ್ಯಗಳು ಜನವರಿಯ ಕೊನೆಗೆ ಇಲ್ಲವೇ ಫೆಬ್ರವರಿಯಲ್ಲಿ ಮೊದಲಾಗಿ ಮೇ ತಿಂಗಳಿಗೆ ಮುಗಿಯುತ್ತವೆ. ಆ ನಾಲ್ಕು ತಿಂಗಳು ಎರಡು ಸಲ. ಅಷ್ಟರಲ್ಲಿ ಯಾವುದಾದರೂ ವಿಶ್ವವಿದ್ಯಾಲಯದವರು ಅವನನ್ನು ನೋಡಿ ಮೆಚ್ಚಬೇಕು. ಮೆಚ್ಚದಿದ್ದರೆ ಅವನ ಆಟದ ಆಯುಷ್ಯ ಬಹುಮಟ್ಟಿಗೆ ಅಲ್ಲಿಗೇ ತೀರಿತು. ಆಟದ ಬಲದಿಂದ ಮುಂದಿನ ಓದಿಗೆ ನೆರವು ಪಡೆಯುವ ಆಸೆಯೂ ತೀರಿತು.

ಇಂಥ ಹುಡುಗನನ್ನು ಕಾಲೇಜಿಗೆ ಕರೆತರುವುದು ತರಬೇತುದಾರನ ಮಾತು. ಮನೆಗೆ ಹೋಗಿ, ತಂದೆತಾಯಿಗಳ ಎದುರು ಕುಳಿತು, ಮಗನನ್ನು ನನ್ನಲ್ಲಿಗೆ ಕಳಿಸಿ, ಅವನ ಮೇಲೆ ನಾನು ಕಣ್ಣಿಟ್ಟಿರುತ್ತೇನೆ, ಎರಡನೆಯ ವರ್ಷ ಅವನಿಗೆ ಮೈದಾನದಲ್ಲಿ ನಿಲ್ಲುವ ಅವಕಾಶ ಬರುತ್ತದೆ, ಅವನ ಪರವಾಗಿ ವಿಶ್ವವಿದ್ಯಾಲಯದವರೊಡನೆ ನಾನೇ ಮಾತನಾಡುತ್ತೇನೆ ಎಂದು ಆತ ಹೇಳುತ್ತಾನೆ. ರಾಷ್ಟ್ರೀಯ ಜೂನಿಯರ್ ಕಾಲೇಜು ಕ್ರೀಡಾಸಂಘದ ಮೊದಲನೆಯ ದರ್ಜೆಯ ಕಾಲೇಜುಗಳು ಬೇಸ್‌ಬಾಲಿಗೆ 24ರವರೆಗೆ ವಿದ್ಯಾರ್ಥಿವೇತನ ಕೊಡಬಹುದು. ಅಲ್ಲಿ ಒಂದು ಪತ್ರಕ್ಕೆ ಸಹಿಯಾಗುತ್ತದೆ. ಆ ಪತ್ರದ ಒಪ್ಪಂದ ಕಾಲೇಜಿನೊಡನೆಯೇ ಹೊರತು ತರಬೇತುದಾರನೊಡನೆ ಅಲ್ಲ. ಕ್ಯಾಲಿಫೋರ್ನಿಯಾದ ಕಮ್ಯೂನಿಟಿ ಕಾಲೇಜುಗಳಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತೆಯೇ ಇಲ್ಲ. ಹಾಗಾಗಿ ಅಲ್ಲಿ ಹುಡುಗನನ್ನೂ ಕಾಲೇಜನ್ನೂ ಕಟ್ಟಿರುವ ಹಗ್ಗ ಬರಿಯ ಬಾಯಿಮಾತಿನದು.

ಹೀಗಿರಲು, ಆ ಮಾತನ್ನಾಡಿದ ತರಬೇತುದಾರನು ಒಂದು ದಿನ ಇಲ್ಲವಾಗುತ್ತಾನೆ. ಸತ್ತಿರಬಹುದು, ನಿವೃತ್ತನಾಗಿರಬಹುದು, ದೊಡ್ಡ ವಿಶ್ವವಿದ್ಯಾಲಯದಿಂದ ಕರೆ ಬಂದಿರಬಹುದು, ಸೋಲುಗಳು ಹೆಚ್ಚಿದವೆಂದು ಆಡಳಿತದವರು ತೆಗೆದುಹಾಕಿರಬಹುದು. ಹೊಸಬನು ಬರುತ್ತಾನೆ. ಮೂವತ್ತು ನಲವತ್ತು ಹುಡುಗರು ಸಾಲಾಗಿ ನಿಂತು ಅವನ ಮುಖ ನೋಡುತ್ತಾರೆ. ಒಬ್ಬನನ್ನೂ ಅವನು ಆರಿಸಿದ್ದಲ್ಲ. ಮೈದಾನದಲ್ಲಿರುವುದು 9 ಸ್ಥಾನಗಳು.

ನಾನು ವಾಣಿಜ್ಯ ಪದವೀಧರ. ಮೊದಲು ಕಾನೂನಿನ ಕಡೆಗೆ ಕಣ್ಣು ಹೋಗುವುದು ನನ್ನ ಅಭ್ಯಾಸ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 31ನೆಯ ಕಲಮು, ವ್ಯಾಪಾರಸಂಸ್ಥೆಗೆ ಹೊಸದಾಗಿ ಸೇರಿದ ಪಾಲುದಾರನು ತಾನು ಸೇರುವುದಕ್ಕೆ ಮುನ್ನ ಆ ಸಂಸ್ಥೆ ಮಾಡಿದ ಕಾರ್ಯಗಳಿಗೆ ಸೇರಿದ ಮಾತ್ರಕ್ಕೆ ಹೊಣೆಯಾಗುವುದಿಲ್ಲವೆಂದು ವಿಧಿಸುತ್ತದೆ. ಇದು ನ್ಯಾಯವೇ. ನಾನು ತಿನ್ನದ ಉಪ್ಪಿಗೆ ನಾನೇಕೆ ನೀರು ಕುಡಿಯಬೇಕು? ಮಾಡಿದವನೇ ಅನುಭವಿಸಬೇಕು, ಒಬ್ಬನ ಕರ್ಮ ಇನ್ನೊಬ್ಬನ ಹೆಗಲಿಗೆ ಸಾಗದು ಎಂಬ ತತ್ತ್ವದಲ್ಲಿ ಬೆಳೆದ ನಮಗಂತೂ ಈ ಕಲಮು ಒಪ್ಪಿಗೆಯಾಗುವಂಥದೇ. ಈ ನ್ಯಾಯದ ಮೇಲೆ ಹೊಸ ತರಬೇತುದಾರನು ಹೀಗೆನ್ನಬಹುದು: ‘ನಿನಗೆ ಮಾತು ಕೊಟ್ಟವರು ಅವರು. ಅವರು ಈಗಿಲ್ಲ. ನನ್ನ ಲೆಕ್ಕ ಇಂದಿನಿಂದ.’

ಈ ಮಾತನ್ನು ನಾನೂ ಒಮ್ಮೆ ಆಡಿದ್ದೇನೆ. ಆದ್ದರಿಂದಲೇ ಅದರ ರುಚಿ ನನಗೆ ಗೊತ್ತು. ನಮ್ಮ ತಂದೆಯವರು ತೀರಿಕೊಂಡು ಅಂಗಡಿ ನನ್ನ ಕೈಗೆ ಬಂದ ವರ್ಷ ರೋಹಿಣಿ ಮಳೆಯ ಹೊತ್ತಿಗೆ ಹಳ್ಳಿಯ ಒಕ್ಕಲಿಗನೊಬ್ಬ ಬಂದ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯ. ‘ಸಣ್ಣ ಸಾವ್ಕಾರ್ರ, ಬೀಜದ ಶೇಂಗಾಕ್ಕ ರೊಕ್ಕ ಕೊಡ್ತೀನಿ, ರೋಣಿ ಮಳೀಗೆ ಬಾ ಅಂತ ನಿಮ್ಮ ಅಪ್ಪಾರು ಅಂದಿದ್ರು’ ಎಂದ. ನಾನು ಕೀರ್ದಿ ತೆಗೆದು ನೋಡಿದೆ, ಖಾತೆ ತಿರುವಿದೆ. ಎಲ್ಲಿಯೂ ಒಂದಕ್ಷರವಿಲ್ಲ. ‘ಬರೆದಿಲ್ಲಲ್ಲ’ ಎಂದೆ. ಆತ ವಾದಿಸಲಿಲ್ಲ, ಟವಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ತಿಂಗಳ ಮೇಲೆ ಬೇರೇನೋ ಮಾತಿನ ನಡುವೆ ನಮ್ಮ ಅವ್ವ, ‘ಅವಗ ಬೀಜಕ್ಕ ಕೊಡಬೇಕು ಅಂತ ನಿಮ್ಮ ಅಪ್ಪಾರು ಅಂತಿದ್ರಪಾ’ ಎಂದರು. ಮರುದಿನವೇ ಹಣ ತೆಗೆದುಕೊಂಡು ಹೋದೆ. ಬಿತ್ತುವ ಹದ ಮುಗಿದಿತ್ತು. ಆತನ ಹೊಲ ಆ ವರ್ಷ ಬೀಳು ಬಿತ್ತು. ಹಣವನ್ನು ನಾನು ಆಮೇಲೆ ಎಷ್ಟಾದರೂ ಕೊಡಬಹುದಾಗಿತ್ತು, ಮುಂಗಾರನ್ನು ಕೊಡಲು ಬರುತ್ತಿರಲಿಲ್ಲ. ಮುಂದಿನ ವರ್ಷ ಆತ ಬಂದು ಬೀಜದ ಹಣ ಒಯ್ದ. ಹಿಂದಿನ ವರ್ಷದ ಮಾತನ್ನು ಆತ ಎತ್ತಲಿಲ್ಲ. ಎತ್ತಬೇಕಾಗಿದ್ದವನು ನಾನು, ನಾನೂ ಎತ್ತಲಿಲ್ಲ.

ಎರಡು ವಸಂತಗಳ ಹುಡುಗನನ್ನು ನೆನೆದಾಗಲೆಲ್ಲ ಆ ಬೀಳು ಹೊಲ ನನ್ನ ಕಣ್ಣಿಗೆ ಬರುತ್ತದೆ.

ಹೊಸ ತರಬೇತುದಾರರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ತಂಡವನ್ನು ಮತ್ತೆ ಬುಡದಿಂದ ಕಟ್ಟಬೇಕು, ಅದಕ್ಕೆ ನಾಲ್ಕೈದು ವರ್ಷ ಬೇಕು. ಆಡಳಿತದವರಿಗೆ ಇದು ಹಿತವಾಗಿ ಕೇಳಿಸುತ್ತದೆ. ಈ ಮಾತಿನೊಳಗಿನ ಗಣಿತವನ್ನು ಸ್ವಲ್ಪ ನೋಡೋಣ. ಟೆಕ್ಸಾಸ್ ರಾಜ್ಯದ ಸ್ಯಾನ್ ಜಸಿಂಟೊ ಕಾಲೇಜಿನಲ್ಲಿ ವೇಯ್ನ್ ಗ್ರಹಾಂ ಎಂಬ ಪ್ರಸಿದ್ಧ ತರಬೇತುದಾರರಿದ್ದರು. ಪ್ರೌಢಶಾಲೆಯ ತಂಡಗಳನ್ನು ತರಬೇತು ಮಾಡುತ್ತಿದ್ದವರು, ನಲವತ್ತು ದಾಟಿದ ಮೇಲೆ ಅಲ್ಲಿಗೆ ಬಂದು 1981ರಿಂದ 1991ರವರೆಗೆ ತಂಡವನ್ನು ನಡೆಸಿದರು. 1985, 1986, 1987, 1989 ಮತ್ತು 1990ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿದರು. ಆರು ವರ್ಷಗಳಲ್ಲಿ ಐದು. ಮುಂದೆ ರೈಸ್ ವಿಶ್ವವಿದ್ಯಾಲಯಕ್ಕೆ ಹೋಗಿ 2003ರಲ್ಲಿ ಅಲ್ಲಿಯೂ ರಾಷ್ಟ್ರೀಯ ಪ್ರಶಸ್ತಿ ತಂದರು. 2024ರಲ್ಲಿ ತೀರಿಕೊಂಡರು. ಅಸಾಧಾರಣ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಲೆಕ್ಕಿಗನ ಕಣ್ಣಿಗೆ ಬೇರೊಂದು ಕಾಣುತ್ತದೆ. ಮೊದಲ ಋತುವಿನಿಂದ ಮೊದಲ ಪ್ರಶಸ್ತಿಯವರೆಗೆ ನಾಲ್ಕು ವರ್ಷಗಳು. ಗುರುವಿಗೆ ಅದು ಹನ್ನೊಂದು ವರ್ಷಗಳ ಸೇವೆಯ ಮೂರನೆಯ ಒಂದು ಪಾಲು. ವಿದ್ಯಾರ್ಥಿಗಳ ಲೆಕ್ಕದಲ್ಲಿ ಅದು ಎರಡು ಪೂರ್ಣ ತಲೆಮಾರು. ಗ್ರಹಾಂ ಅವರಂಥ ಸಮರ್ಥರಿಗೇ ಇಷ್ಟು ಕಾಲ ಹಿಡಿಯಿತೆಂದರೆ, ಉಳಿದವರು ಕಟ್ಟುವ ತಂಡದ ಅಡಿಪಾಯದಲ್ಲಿ ಎಷ್ಟು ಹುಡುಗರ ವಸಂತಗಳು ಹೂತುಹೋಗುತ್ತವೆ? ಆ ಮಹನೀಯರು ಯಾರನ್ನೋ ಬಲಿಕೊಟ್ಟರೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನಗೆ ಆಧಾರವೂ ಇಲ್ಲ. ಗುರುವಿನ ಕಾಲಮಾನವೂ ಶಿಷ್ಯನ ಕಾಲಮಾನವೂ ಒಂದೇ ಅಲ್ಲವೆಂಬುದಷ್ಟೇ ನನ್ನ ಅಭಿಪ್ರಾಯ. ಐದು ವರ್ಷ ಕೊಡಿ ಎನ್ನುವವನು ಕೇಳುತ್ತಿರುವುದು ತನ್ನದಲ್ಲದ ಐದು ವರ್ಷಗಳನ್ನು.

ಇಲ್ಲಿ ಪ್ರತಿಪಕ್ಷವನ್ನೂ ಕೇಳಬೇಕು, ಅದು ದುರ್ಬಲವಾದುದಲ್ಲ. ಹೊಸ ತರಬೇತುದಾರನನ್ನು ನೇಮಿಸುವುದೇ ಅವನ ಸ್ವಂತ ವಿವೇಚನೆಗಾಗಿ. ಹಿಂದಿನವನ ಆಯ್ಕೆಗಳನ್ನೇ ಕಣ್ಣುಮುಚ್ಚಿ ಮುಂದುವರಿಸುವುದಾದರೆ ಅವನೇಕೆ ಬೇಕಾಗಿತ್ತು? ಅದೂ ಅಲ್ಲದೆ, ಹಿಂದಿನವನು ಹತ್ತು ಹುಡುಗರಿಗೆ ಒಂದೇ ಸ್ಥಾನದ ಆಸೆ ತೋರಿಸಿ ಹೋಗಿರಬಹುದು. ಗೆಲ್ಲಲೇಬೇಕೆಂಬ ಒತ್ತಡದಲ್ಲಿ ಮಾತು ಸಡಿಲವಾಗುವುದು ವ್ಯಾಪಾರದಲ್ಲಿರುವಂತೆ ಅಲ್ಲಿಯೂ ಉಂಟು. ಆ ಹತ್ತೂ ಮಾತುಗಳನ್ನು ಹೊಸಬನು ಹೊರಬೇಕೆಂದರೆ ಅದು ಸಾಧ್ಯವೇ ಇಲ್ಲ, ಸಾಧ್ಯವಿಲ್ಲದ್ದು ಕರ್ತವ್ಯವಾಗಲಾರದು.

ಈ ವಾದವನ್ನು ನಾನು ಅರ್ಧದಷ್ಟು ಒಪ್ಪುತ್ತೇನೆ. ಸ್ಥಾನದ ಭರವಸೆ ಬೇರೆ, ಅವಕಾಶದ ಭರವಸೆ ಬೇರೆ. ‘ನಿನ್ನನ್ನು ಆಡಿಸಿಯೇ ತೀರುತ್ತೇನೆ’ ಎಂಬುದು ಹಳೆಯ ತರಬೇತುದಾರನೇ ಆಡಬಾರದಾಗಿದ್ದ ಮಾತು. ಆಟದಲ್ಲಿ ಸ್ಥಾನವೆಂಬುದು ದಿನದಿನವೂ ಗಳಿಸಿಕೊಳ್ಳಬೇಕಾದುದು. ಅದನ್ನು ಮುಂಗಡವಾಗಿ ದಾನ ಮಾಡುವ ಹಕ್ಕು ಯಾರಿಗೂ ಇಲ್ಲ. ಇಲ್ಲದ ಸರಕನ್ನು ಮಾರಿದವನ ಅಂಗಡಿಯನ್ನು ಕೊಂಡವನು ಆ ಸರಕನ್ನು ಎಲ್ಲಿಂದ ತಂದಾನು? ‘ನಿನ್ನನ್ನು ನಾನು ಚೆನ್ನಾಗಿ ನೋಡುತ್ತೇನೆ, ನಿನ್ನ ಸರದಿ ತಪ್ಪಿಸುವುದಿಲ್ಲ, ನಿನ್ನ ವಿಷಯದಲ್ಲಿ ನನಗೆ ಕಂಡ ಸತ್ಯವನ್ನು ನಿನಗೆ ಹೇಳುತ್ತೇನೆ’ ಎಂಬ ಭರವಸೆ ಹಾಗಲ್ಲ. ಇದನ್ನು ಹತ್ತು ಜನರಿಗೂ ಕೊಡಬಹುದು, ಹತ್ತು ಜನರಿಗೂ ಸಲ್ಲಿಸಬಹುದು. ಇದು ವ್ಯಕ್ತಿ ಕೊಟ್ಟ ಮಾತೂ ಅಲ್ಲ, ಆ ಪೀಠ ಕೊಟ್ಟ ಮಾತು. ಪೀಠದಲ್ಲಿ ಕುಳಿತವನು ಅದನ್ನು ಆಡದೆಯೂ ಆಡಿದವನೇ.

ಚೆನ್ನಾಗಿ ನೋಡುವುದೆಂಬುದು ಸುಲಭವೂ ಅಲ್ಲ. ಮಿಸೌರಿ ರಾಜ್ಯದ ಕ್ಯಾನ್ಸಾಸ್ ಸಿಟಿಯ ಮೇಪಲ್ ವುಡ್ಸ್ ಕಮ್ಯೂನಿಟಿ ಕಾಲೇಜಿನಲ್ಲಿ 1999ರಲ್ಲಿ ಆಲ್ಬರ್ಟ್ ಪೂಹೋಲ್ಸ್ ಎಂಬ ಹುಡುಗ ಒಂದು ವಸಂತ ಆಡಿದ. ವೃತ್ತಿಪರ ತಂಡಗಳ ಅನುಭವಿ ಪರೀಕ್ಷಕರೆಲ್ಲ ನೋಡಿದ ಮೇಲೆ, ಆ ವರ್ಷದ ಆಯ್ಕೆಯಲ್ಲಿ ಅವನ ಹೆಸರು ಬಂದದ್ದು 13ನೆಯ ಸುತ್ತಿನಲ್ಲಿ, 402ನೆಯದಾಗಿ. ಅಂದರೆ ಅವನಿಗಿಂತ ಮೇಲೆಂದು 401 ಮಂದಿಯನ್ನು ಎಣಿಸಿದ್ದಾಯಿತು. ಆತ 2022ರಲ್ಲಿ ನಿವೃತ್ತನಾಗುವಾಗ ಬಾರಿಸಿದ್ದ ಹೋಮ್ ರನ್‌ಗಳ ಸಂಖ್ಯೆ 703. ಅದನ್ನೇ ಕಸುಬಾಗಿಸಿಕೊಂಡವರ ಕಣ್ಣು ಇಷ್ಟು ತಪ್ಪಬಹುದಾದರೆ, ಹೊಸದಾಗಿ ಬಂದವನು ಎರಡು ವಾರಗಳ ಪರೀಕ್ಷೆಯಲ್ಲಿ ಮೂವತ್ತು ಹುಡುಗರನ್ನು ತೂಗಿ ಇವನು ಇರಲಿ, ಇವನು ಹೋಗಲಿ ಎನ್ನುವುದು ಧೈರ್ಯದ ಮಾತಲ್ಲ, ದುಡುಕಿನ ಮಾತು. ಹೊಸ ಗುಮಾಸ್ತನ ಕೈಗೆ ತಕ್ಕಡಿ ಕೊಡುವ ಮೊದಲು ನಾವೂ ಒಂದು ಸುಗ್ಗಿ ಕಾಯುತ್ತೇವೆ.

ಇನ್ನೊಂದು ಆನುವಂಶಿಕ ಸಂಪತ್ತಿದೆ. ಅದು ಪಟ್ಟಿಯಲ್ಲಿ ಕಾಣಿಸುವುದಿಲ್ಲ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು ಅದೇ. ಬೇಸ್‌ಬಾಲಿನಲ್ಲಿ ಪಿಚರ್ ಎಂದರೆ ಚೆಂಡೆಸೆಯುವವನು. ಅವನ ಮೊಣಕೈಯ ಒಳಭಾಗದಲ್ಲಿ ಒಂದು ಸಣ್ಣ ಅಸ್ಥಿಬಂಧವಿದೆ. ಬಲವಾಗಿ ಎಸೆದಷ್ಟೂ ಅದು ಜಗ್ಗುತ್ತದೆ. ವಿಶ್ರಾಂತಿಯಿಲ್ಲದೆ ಎಸೆಯುತ್ತ ಹೋದರೆ ಒಂದು ದಿನ ಹರಿಯುತ್ತದೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಎಂಬ ಶಸ್ತ್ರವೈದ್ಯರು ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್ ಎಂಬ ಆಟಗಾರನಿಗೆ ಅವನದೇ ದೇಹದ ಬೇರೊಂದು ಕಡೆಯ ಸ್ನಾಯುರಜ್ಜುವನ್ನು ತೆಗೆದು ಅಲ್ಲಿ ಕಸಿಮಾಡಿದರು. ಆತ 1976ರಲ್ಲಿ ಮತ್ತೆ ಮೈದಾನಕ್ಕೆ ಬಂದು 1989ರವರೆಗೆ ಆಡಿದ. ಅದಕ್ಕೂ ಮುಂಚೆ ಆ ನರಳಿಕೆ ಬಂದವನ ಆಟ ಮುಗಿದಂತೆಯೇ ಇತ್ತು. ಈಗ ಶಸ್ತ್ರಚಿಕಿತ್ಸೆಯುಂಟು, ಆದರೆ ಗುಣವಾಗಿ ಪಂದ್ಯಕ್ಕೆ ಮರಳಲು ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಎರಡೇ ವಸಂತಗಳಿರುವವನಿಗೆ ಒಂದು ವರ್ಷವೆಂದರೆ ಎಷ್ಟೆಂದು ಹೇಳಬೇಕಾಗಿಲ್ಲ.

ಯಾವ ಹುಡುಗನ ತೋಳು ಕಳೆದ ಏಪ್ರಿಲಿನಲ್ಲಿ ನೋಯುತ್ತಿತ್ತು, ಯಾರು ನೋವನ್ನು ಹೇಳಿಕೊಳ್ಳದೆ ನುಂಗುತ್ತಾನೆ, ಯಾರಿಗೆ ಎಷ್ಟು ದಿನ ಬಿಡುವು ಕೊಟ್ಟರೆ ಸರಿಹೋಗುತ್ತದೆ, ಇವೆಲ್ಲ ಹಳೆಯ ತರಬೇತುದಾರನ ತಲೆಯಲ್ಲಿರುತ್ತವೆ. ಹೆಚ್ಚೆಂದರೆ ಅವನ ಟಿಪ್ಪಣಿ ಪುಸ್ತಕದಲ್ಲಿ. ಹೊಸಬನ ಮುಂದೆ ನಿಂತ ಹುಡುಗ ‘ನೋವೇನೂ ಇಲ್ಲ ಸರ್’ ಎಂದೇ ಹೇಳುತ್ತಾನೆ. ಹೊಸಬನ ಕಣ್ಣಿಗೆ ಚೆನ್ನಾಗಿ ಕಾಣಬೇಕಲ್ಲವೆ? ತಿಳಿಯದ ಹೊಸಬ ಅವನನ್ನು ಎಸೆಯಲು ನಿಲ್ಲಿಸುತ್ತಾನೆ. ತೋಳು ಹೋಗುತ್ತದೆ. ಯಾರ ದೋಷ? ಹಿಂಸೆ ಉದ್ದೇಶದಿಂದ ಆದದ್ದಲ್ಲ, ಪ್ರಮಾದದಿಂದ ಆದದ್ದು ಎನ್ನೋಣ. ಆದರೆ ಪ್ರಮಾದವನ್ನು ಹಿಂಸೆಯ ಮೂಲವೆಂದೇ ಕಲಿತವರು ನಾವು. ‘ನನಗೆ ಗೊತ್ತಿರಲಿಲ್ಲ’ ಎಂಬ ಉತ್ತರಕ್ಕೆ, ‘ಕೇಳಿದ್ದೆಯಾ?’ ಎಂಬ ಮರುಪ್ರಶ್ನೆ ಇದ್ದೇ ಇದೆ.

ಕೇಳುವುದಕ್ಕೆ ಅಡ್ಡ ಬರುವುದು ಮಾನಕಷಾಯ. ಹಿಂದಿನವನು ಸೋತು ಹೊರಟವನು, ಅವನನ್ನು ಕೇಳುವುದೇನೆಂಬ ಬಿಂಕ. ಹಿಂದಿನವನು ಗೆದ್ದು ಹೋದವನಾದರೆ ಮತ್ತೂ ಕಷ್ಟ. ಕೇಳಿದರೆ ತನ್ನ ಬೆಲೆ ಇಳಿದೀತೆಂಬ ಅಂಜಿಕೆ. ಹೋಗುವವನ ಕಡೆಗೂ ತಪ್ಪಿರುತ್ತದೆ. ಕೆಲಸದಿಂದ ತೆಗೆಯಲ್ಪಟ್ಟವನು ಸಿಟ್ಟಿನಲ್ಲಿ ಟಿಪ್ಪಣಿ ಪುಸ್ತಕವನ್ನು ಜೊತೆಗೇ ಒಯ್ಯುತ್ತಾನೆ. ತನ್ನನ್ನು ಅವಮಾನಿಸಿದ್ದು ಆಡಳಿತ. ಶಿಕ್ಷೆ ತಗಲುವುದು ಹುಡುಗನ ಮೊಣಕೈಗೆ. ಆರೆಂಜ್ ಕೋಸ್ಟ್ ಕಾಲೇಜಿನಲ್ಲಿ ಈ ತೊಡಕು ಇರಲಿಲ್ಲ. ಉತ್ತರಾಧಿಕಾರಿಯಾದವರು ಸಹಾಯಕರಾಗಿ ಜೊತೆಯಲ್ಲೇ ಇದ್ದು ಎಲ್ಲವನ್ನೂ ಬಲ್ಲವರು. ಒಳಗಿನಿಂದ ಬಂದವನಿಗೆ ಕೇಳಲಿಲ್ಲವೆಂಬ ನೆಪ ಇರುವುದಿಲ್ಲ. ಮಾತು ಕೊಡುವಾಗ ಅವನೇ ಸಾಕ್ಷಿಯಾಗಿದ್ದವನು. ಹೊರಗಿನಿಂದ ಬಂದವನಿಗೆ ಆ ನೆಪ ಇರುತ್ತದೆ, ಒಂದು ವಾರದ ಮಟ್ಟಿಗೆ.

ಶ್ರಾವಕರ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದೆಂಬುದನ್ನು ವಾಚಕರು ಬಲ್ಲರು. ಒಬ್ಬನು ನಮ್ಮಲ್ಲಿ ಇಟ್ಟ ಒತ್ತೆಯ ಪ್ರಮಾಣವನ್ನು ಮರೆತು ಕಡಿಮೆ ಕೇಳಿದಾಗ, ಹೌದು ಅಷ್ಟೇ ಎಂದು ಕಡಿಮೆಯನ್ನೇ ಹಿಂದಿರುಗಿಸುವುದು. ನ್ಯಾಸಾಪಹಾರವನ್ನು ಕಳವಿನಡಿ ಇಡದೆ ಸುಳ್ಳಿನಡಿ ಇಟ್ಟುದರ ಔಚಿತ್ಯ ನನಗೆ ಬಹುಕಾಲ ಹೊಳೆದಿರಲಿಲ್ಲ. ಇಟ್ಟವನಿಗೆ ನೆನಪಿಲ್ಲದ್ದು ಇಟ್ಟುಕೊಂಡವನಿಗೆ ನೆನಪಿದೆ. ಅದನ್ನು ಹೇಳದಿರುವುದರಲ್ಲಿ ದೋಷವಿದೆ. ಹೊಸ ತರಬೇತುದಾರನ ಕೈಗೆ ಬಂದ ಹುಡುಗರು ತಂದೆತಾಯಿಗಳು ಇಟ್ಟ ನ್ಯಾಸ. ಅವರು ಇಟ್ಟದ್ದು ಹಿಂದಿನವನ ಕೈಯಲ್ಲಿ. ಅಂಗಡಿ ಕೈಬದಲಾದ ಮಾತ್ರಕ್ಕೆ ಒತ್ತೆ ವಸ್ತು ಹೊಸ ಯಜಮಾನನ ಸ್ವಂತದ್ದಾಗುವುದಿಲ್ಲ. ಹುಡುಗನಿಗೆ ತನಗೆ ಏನೇನು ಸಲ್ಲಬೇಕೆಂಬುದೇ ತಿಳಿದಿರಲಿಕ್ಕಿಲ್ಲ. ಹದಿನೆಂಟರ ಹುಡುಗ ಕಡಿಮೆಯನ್ನೇ ಕೇಳುತ್ತಾನೆ.

ಹಾಗಾದರೆ ಅವನಿಗೆ ಸಲ್ಲಬೇಕಾದ್ದು ಏನು? ಎಲ್ಲಕ್ಕೂ ಮೊದಲು, ಸಕಾಲದಲ್ಲಿ ಸತ್ಯ. ಆಗಸ್ಟ್ ಸುಮಾರಿಗೆ ತರಗತಿಗಳು ಆರಂಭವಾಗುತ್ತವೆ. ಶರತ್ಕಾಲವೆಲ್ಲ ಅಭ್ಯಾಸ ನಡೆದು ಜನವರಿಯ ಕೊನೆಗೆ ಪಂದ್ಯ. ನಿನ್ನನ್ನು ಆಡಿಸುವ ಯೋಚನೆ ನನಗಿಲ್ಲವೆಂಬ ಮಾತನ್ನು ಸಾಕಷ್ಟು ನೋಡಿದ ಮೇಲೆ ಶರತ್ಕಾಲದಲ್ಲಿಯೇ ಹೇಳಿದರೆ ಹುಡುಗ ಬೇರೆ ಕಾಲೇಜನ್ನು ಹುಡುಕಿಕೊಳ್ಳಬಹುದು, ಈ ವರ್ಷ ಆಡದೆ ಉಳಿದು ಒಂದು ವಸಂತವನ್ನು ಉಳಿಸಿಕೊಳ್ಳಬಹುದು, ಆಟ ಬಿಟ್ಟು ಓದಿಗೆ ಮನಸ್ಸು ಕೊಡಬಹುದು. ಅದೇ ಮಾತನ್ನು ಮಾರ್ಚಿನಲ್ಲಿ ಹೇಳಿದರೆ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಎರಡು ಸಲವೂ ಮಾತು ನಿಜವೇ. ಆದರೆ ಎರಡನೆಯ ಸಲ ಆ ಸತ್ಯದೊಳಗೆ ಏಳು ತಿಂಗಳ ಕಳವು ಸೇರಿಕೊಂಡಿದೆ. ಹೇಳದೆ ಇಟ್ಟುಕೊಳ್ಳುವುದರಲ್ಲಿ ತರಬೇತುದಾರನಿಗೆ ಲಾಭವೂ ಉಂಟೆಂಬುದನ್ನು ಮರೆಯಬಾರದು: ಯಾರಿಗಾದರೂ ಪೆಟ್ಟಾದರೆ ಬದಲಿಗೆ ಇರಲಿ ಎಂದು. ದಾಸ್ತಾನಿನ ಮೂಟೆಯಂತೆ ಮನುಷ್ಯನನ್ನು ಉಗ್ರಾಣದಲ್ಲಿ ಇಟ್ಟುಕೊಳ್ಳುವುದಕ್ಕೆ ಆ ಮನುಷ್ಯನ ಒಪ್ಪಿಗೆಯಾದರೂ ಇರಬೇಡವೆ?

ಆಮೇಲೆ ಸಾಕ್ಷ್ಯ. ವಿಶ್ವವಿದ್ಯಾಲಯದವರು ಹುಡುಗನ ವಿಷಯದಲ್ಲಿ ತರಬೇತುದಾರನ ಮಾತನ್ನು ಕೇಳುತ್ತಾರೆ. ಎರಡು ವರ್ಷ ಕಂಡವನ ಮಾತಿಗೆ ಇರುವ ಬೆಲೆ ನಾಲ್ಕು ತಿಂಗಳು ಕಂಡವನ ಮಾತಿಗಿಲ್ಲ. ಕಾಣದ್ದನ್ನು ಕಂಡೆನೆಂದು ಹೊಸಬನು ಹೇಳುವಂತೆಯೂ ಇಲ್ಲ. ಅವನು ಮಾಡಬಹುದಾದ್ದು ಒಂದೇ: ಹಿಂದಿನವನು ಬದುಕಿದ್ದರೆ ಅವನನ್ನು ಹುಡುಕಿ, ಈ ಹುಡುಗನ ಪರವಾಗಿ ನೀವು ಎರಡು ಮಾತು ಬರೆದುಕೊಡಿ ಎಂದು ಬೇಡುವುದು. ಬೇಡುವುದು ಎಂಬ ಶಬ್ದವನ್ನು ತಿಳಿದೇ ಬಳಸಿದ್ದೇನೆ. ತನಗಾಗಿ ಬೇಡುವುದು ಕಷ್ಟ. ತಾನು ಆರಿಸದ ಹುಡುಗನಿಗಾಗಿ, ತನಗೆ ಇಷ್ಟವಿಲ್ಲದ ಹಿಂದಿನವನ ಬಳಿಗೆ ಹೋಗಿ ಬೇಡುವುದು ಇನ್ನೂ ಕಷ್ಟ. ಆ ಕಷ್ಟವನ್ನು ತೆಗೆದುಕೊಂಡವನು ಜಾಗವನ್ನು ನಿಜವಾಗಿ ವಹಿಸಿಕೊಂಡನೆಂದು ನಾನು ತಿಳಿಯುತ್ತೇನೆ.

ಹಿಂದಿನವನ ಹೆಸರನ್ನು ಕಾಯುವುದೂ ಈ ಹೊಣೆಯೊಳಗೆ ಬರುತ್ತದೆ, ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಹಿಂದಿನವನನ್ನು ಹುಡುಗರೆದುರು ಹೀನಾಯ ಮಾಡುವವನು ಆ ಹುಡುಗರ ಕಳೆದ ವರ್ಷವನ್ನೂ ಹೀನಾಯ ಮಾಡುತ್ತಾನೆ. ಅದು ಅವರ ಇರುವ ಎರಡರಲ್ಲಿ ಒಂದು.

ಒಂದು ಸಂದರ್ಭ ಮಾತ್ರ ನನಗೆ ಬಗೆಹರಿಯದೆ ಉಳಿದಿದೆ. ಹೊಸ ತರಬೇತುದಾರನೂ ಮನೆಮನೆಗೆ ಹೋಗಿ ತನ್ನ ಹುಡುಗರನ್ನು ಕರೆತರುತ್ತಾನೆ. ಅವನೂ ಮಾತು ಕೊಡುತ್ತಾನೆ, ಅವಕಾಶದ ಮಾತನ್ನೇ, ನ್ಯಾಯವಾಗಿಯೇ. ಈಗ ಒಂದು ಸ್ಥಾನಕ್ಕೆ ಇಬ್ಬರು. ಒಬ್ಬ ಹಿಂದಿನವನ ಮಾತಿನ ಮೇಲೆ ಬಂದ ದ್ವಿತೀಯ ವರ್ಷದವನು. ಇದು ಅವನ ಕೊನೆಯ ವಸಂತ. ಇನ್ನೊಬ್ಬ ಹೊಸಬನ ಸ್ವಂತ ಮಾತಿನ ಮೇಲೆ ಬಂದ ಪ್ರಥಮ ವರ್ಷದವನು. ಆಟದಲ್ಲಿ ಇಬ್ಬರೂ ಸಮಾನರೆಂದೇ ಇಟ್ಟುಕೊಳ್ಳೋಣ. ಮೊದಲಿನವನ ಕಾಲ ತೀರುತ್ತಿದೆಯಾದ್ದರಿಂದ ಅವನಿಗೇ ಮೊದಲ ಸರದಿ ಎಂದು ನನ್ನ ಮನಸ್ಸು ಹೇಳುತ್ತದೆ. ಬಿತ್ತುವ ಹದ ತೀರುತ್ತಿರುವ ಹೊಲಕ್ಕೆ ಮೊದಲು ಬೀಜ ಕೊಡಬೇಕಲ್ಲವೆ? ಆದರೆ ಎರಡನೆಯ ಹುಡುಗನ ತಂದೆ ಎದುರು ಬಂದು, ‘ನೀವೇ ನಿಮ್ಮ ಬಾಯಿಂದಲೇ ಹೇಳಿದ್ದಿರಲ್ಲ’ ಎಂದರೆ, ಸ್ವಂತ ಮಾತನ್ನು ಹಿಂದಿಟ್ಟು ಇನ್ನೊಬ್ಬನ ಮಾತನ್ನು ಮುಂದಿಟ್ಟದ್ದನ್ನು ಅವನಿಗೆ ಹೇಗೆ ವಿವರಿಸುವುದು? ತಾನಾಡದ ಮಾತಿನ ಹೊಣೆ ಹೊತ್ತವನು ತಾನಾಡಿದ ಮಾತನ್ನು ಎಷ್ಟರಮಟ್ಟಿಗೆ ಸಡಿಲಿಸಬಹುದು? ಈ ಬಗ್ಗೆ ಪ್ರಾಜ್ಞ ವಾಚಕರಲ್ಲಿ ಯಾರಾದರೂ ಯೋಚಿಸಿದ್ದರೆ ಸಂಪಾದಕರಿಗೆ ಬರೆದು ತಿಳಿಸಬೇಕೆಂದು ವಿನಂತಿ.